ಪದಚರ್ಚೆ: ಎಪಾಕ್ಸಿ ‘ಒಣಗುವುದೇ’, ‘ಬಲಿಯುವುದೇ’?

ಪ್ರಶ್ನೆ: ವಿಮಾನದ ಕಾಂಪೊಸಿಟ್ ಭಾಗಗಳ ತಯಾರಿಕೆ ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪಾಠ ಸಿದ್ಧವಾಗುತ್ತಿದೆ. ಕರಡಿನಲ್ಲಿ ಕಾಂಪೊಸಿಟ್‌ಗೆ (ಕಾರ್ಬನ್ ಎಳೆಗಳನ್ನು ಎಪಾಕ್ಸಿ ಎಂಬ ರಾಳದಲ್ಲಿ ಕೂಡಿಸಿದ ವಸ್ತು) ‘ಸಂಯುಕ್ತ’, ಕ್ಯೂರಿಂಗ್‌ಗೆ (ಆ ರಾಳ ಗಟ್ಟಿಯಾಗುವ ಕ್ರಿಯೆ) ‘ಒಣಗಿಸುವುದು’ ಎಂದಿದೆ. ಸರಿಯೇ? ಬಲ್ಲವರು ತಿಳಿಸಿ.

ಉತ್ತರ: ಎರಡೂ ಬೇಡ. ‘ಸಂಯುಕ್ತ’ ರಸಾಯನಶಾಸ್ತ್ರದಲ್ಲಿ ನೆಲೆಯೂರಿದ ಪದ. ನೀರು ಸಂಯುಕ್ತ: ಅದರಲ್ಲಿ ಜಲಜನಕದ ಗುಣವೂ ಉಳಿದಿಲ್ಲ, ಆಮ್ಲಜನಕದ್ದೂ ಇಲ್ಲ. ಕಾಂಪೊಸಿಟ್‌ನಲ್ಲಿ ಕಾರ್ಬನ್ ಎಳೆ ಎಳೆಯಾಗಿಯೇ, ರಾಳ ರಾಳವಾಗಿಯೇ ಇರುತ್ತವೆ. ಭಾರ ಹೊರುವುದು ಎಳೆ. ಎಳೆಗಳನ್ನು ಹಿಡಿದಿಟ್ಟು ಭಾರ ಹಂಚುವುದು ರಾಳ. ‘ಸಂಯೋಜಿತ ವಸ್ತು’ ಸಾಕು.

‘ಒಣಗು’ ಹೆಚ್ಚು ಹಾನಿ ಮಾಡುವ ಪದ. ಒಣಗಲು ದ್ರವ ಆವಿಯಾಗಿ ಹೋಗಬೇಕು. ಎಪಾಕ್ಸಿಯಲ್ಲಿ ಅಣುಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಗಾರೆ ಕೆಲಸದವರ ಕ್ಯೂರಿಂಗ್ ಎಂದರೆ ಕಾಂಕ್ರೀಟಿಗೆ ನೀರುಣಿಸುವುದು. ಇಲ್ಲಿ ನೀರೇ ವೈರಿ. ‘ಹೆಪ್ಪುಗಟ್ಟು’ ಕೂಡ ಆಗದು. ಹೆಪ್ಪುಗಟ್ಟಿದ ತುಪ್ಪ ಕಾಸಿದರೆ ಕರಗುತ್ತದೆ. ಆ ಪದ ಕಾಯಿಸಿದರೆ ಕರಗುವ ಥರ್ಮೊಪ್ಲಾಸ್ಟಿಕ್‌ಗೆ ಇರಲಿ. ನನ್ನ ಆಯ್ಕೆ ‘ಬಲಿಯುವುದು’. ಬಲಿತ ಬೆಂಡೆಕಾಯಿ ಮತ್ತೆ ಎಳಸಾಗದು. ಬಲಿತ ಎಪಾಕ್ಸಿಯೂ ಹಾಗೆಯೇ: ಕಾಯಿಸಿದರೆ ಮೆದುವಾದೀತು, ಸುಟ್ಟೀತು, ಕರಗದು.

ಕೆಲಸದ ಹಂತಗಳಿಗೆ ಹಚ್ಚಿ ನೋಡಿ. ಪ್ರಿಪ್ರೆಗ್ ಎಂದರೆ ಅರೆಬಲಿತ ರಾಳ ತುಂಬಿದ ಎಳೆಹಾಸು. ಅದನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ಬಲಿಯುವುದನ್ನು ತಡೆದಿಡಲು. ಹೊರಗಿಟ್ಟಷ್ಟು ಹೊತ್ತೂ ಅದು ಬಲಿಯುತ್ತಲೇ ಇರುತ್ತದೆ, ಆದ್ದರಿಂದಲೇ ಹೊರಗಿದ್ದ ಗಂಟೆಗಳ ಲೆಕ್ಕ ಬರೆದಿಡುತ್ತಾರೆ. ಹೊರತೆಗೆದ ಪ್ರಿಪ್ರೆಗ್ ಸುರುಳಿಯ ತಣಿವು ಪೂರ್ತಿ ಹೋಗುವ ಮೊದಲೇ ಅದರ ಚೀಲ ಬಿಚ್ಚಿದರೆ ಗಾಳಿಯ ತೇವ ಪದರದ ಮೇಲೆ ಕೂತು, ಮುಂದೆ ಬಿಸಿಗೆ ಆವಿಯಾಗಿ ಪೊಳ್ಳು ಬಿಡುತ್ತದೆ. ಪದರಗಳನ್ನು 0, 45, 90 ಡಿಗ್ರಿ ಕೋನಗಳಲ್ಲಿ ಹಾಸಿ, ಕೆಲವು ಪದರಕ್ಕೊಮ್ಮೆ ನಿರ್ವಾತದಿಂದ ನಡುವಿನ ಗಾಳಿ ತೆಗೆಯಬೇಕು. ಆಮೇಲೆ ಆಟೊಕ್ಲೇವ್‌ನಲ್ಲಿ (ಬಿಸಿ, ಒತ್ತಡ ಎರಡನ್ನೂ ಕೊಡುವ ಮುಚ್ಚಿದ ಪಾತ್ರೆ) ಬಲಿಸುವುದು: ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್, 6–7 ಬಾರ್ ಒತ್ತಡ, ಸುಮಾರು 2 ಗಂಟೆ. ರಾಳ ಇನ್ನೂ ಹರಿಯುವಾಗಲೇ ಒತ್ತಡ ಬೀಳಬೇಕು. ಬಲಿತ ಮೇಲೆ ಒತ್ತಿದರೆ ಪೊಳ್ಳು ಒಳಗೇ ಉಳಿಯಿತು. ದಪ್ಪ ಭಾಗವನ್ನು ಬೇಗ ಕಾಯಿಸಿದರೂ ಕೆಡುಕು: ಬಲಿಯುವಾಗ ರಾಳವೇ ಬಿಸಿ ಹೊರಹಾಕುವುದರಿಂದ ಒಳಭಾಗ ಮಿತಿಮೀರಿ ಕಾಯುತ್ತದೆ.

ಸಮಾಸಕ್ಕೂ ಪದ ಬಗ್ಗುತ್ತದೆ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ತೇಜಸ್ ಯುದ್ಧವಿಮಾನದ ಫಿನ್‌ಗೆ (ಬಾಲದ ಮೇಲೆ ನೆಟ್ಟಗೆ ನಿಲ್ಲುವ ಭಾಗ) ಬಳಸಿದ ಕೋ-ಕ್ಯೂರಿಂಗ್‌ನಲ್ಲಿ ಹೊರಹೊದಿಕೆ, ಒಳ ಆಧಾರಪಟ್ಟಿಗಳು ಒಟ್ಟಿಗೆ ಬಲಿಯುತ್ತವೆ, ರಿವೆಟ್‌ಗಳು ಕಡಿಮೆಯಾಗುತ್ತವೆ. ಅದು ‘ಕೂಡುಬಲಿತ’. ಒಂದು ಎಚ್ಚರಿಕೆ: ನಾಮಪದವಾಗಿ ‘ಬಲಿ’ ಎಂದು ಬರೆಯಬೇಡಿ, ಅದಕ್ಕೆ ಬೇರೆಯೇ ಅರ್ಥವಿದೆ. ‘ಬಲಿಕೆ’ ಎನ್ನಿ.