ಹೊಯ್ಸಳರು ಮುಗಿದದ್ದು ನಿಜವಾಗಿ 1311ರಲ್ಲಾ?

ಹಾಸನದ ಹುಡುಗಿ:
ಹಳೇಬೀಡಿನಲ್ಲಿ ಯಾರನ್ನೇ ಕೇಳಿ, ಉತ್ತರ ಒಂದೇ. ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಬಂದ, ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಇದೇ ಹಳೇಬೀಡು, ಲೂಟಿಯಾಯಿತು, ಹೊಯ್ಸಳರ ಕಥೆ ಮುಗಿಯಿತು. ಆದರೆ ಕಾಫರ್ ಬಂದದ್ದು 1311ರಲ್ಲಿ, ಆಗಿನ ಹೊಯ್ಸಳ ದೊರೆ ಮೂರನೇ ಬಲ್ಲಾಳ ತೀರಿಕೊಂಡದ್ದು 1342ರ ಹೊತ್ತಿಗೆ. ನಡುವಿನ ಮೂವತ್ತು ವರ್ಷ ಎಲ್ಲಿ ಹೋಯಿತು? ಮುನ್ನೂರು ವರ್ಷ ಬಾಳಿದ ಮನೆತನ ಒಂದೇ ಏಟಿಗೆ ಬಿತ್ತು ಅಂದರೆ ನನಗೆ ನಂಬಲಾಗುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಜಾವಗಲ್ ಮೇಷ್ಟ್ರು:
ನಂಬಬೇಡ ಕಣಮ್ಮ. ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದದ್ದೂ ಇದನ್ನೇ: ಬಿರುಕು ಬಿಟ್ಟದ್ದು 1254ರ ಸುಮಾರಿಗೆ, ಮನೆಯೊಳಗೇ.

ಏಳಿಗೆಯ ಕಥೆ ಎಲ್ಲರಿಗೂ ಗೊತ್ತು. ಅಂಗಡಿ ಎಂಬ ಊರಿನ ಮಲೆನಾಡ ನಾಯಕರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಬೆಳೆದರು. ವಿಷ್ಣುವರ್ಧನ 1116ರಲ್ಲಿ ಚೋಳರ ಕೈಯಿಂದ ತಲಕಾಡು ಕಿತ್ತುಕೊಂಡ, ಮರುವರ್ಷ ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದ. ಅವನ ಮೊಮ್ಮಗ ಎರಡನೇ ಬಲ್ಲಾಳ ಸೊರಟೂರಿನಲ್ಲಿ ದೇವಗಿರಿಯ ಸೇವುಣರನ್ನು ಸೋಲಿಸಿ ಸ್ವತಂತ್ರನಾದ.

ಆಮೇಲೆ ಅವರ ಕಣ್ಣು ಕಾವೇರಿಯ ಕೆಳಗಡೆ ಹೋಯಿತು. ಎರಡನೇ ನರಸಿಂಹ ಸೆರೆಸಿಕ್ಕ ಚೋಳರಾಜನನ್ನು ಬಿಡಿಸಿ ಪಟ್ಟಕ್ಕೆ ಕೂರಿಸಿದ. ಮಗ ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣಾನೂರಿನಲ್ಲೇ ನೆಲೆನಿಂತ. ದೋರಸಮುದ್ರದ ದೊರೆ ದೋರಸಮುದ್ರದಲ್ಲಿಲ್ಲ! ಕೊನೆಗೆ ಇಬ್ಬರು ಮಕ್ಕಳಿಗೆ ರಾಜ್ಯ ಪಾಲಾಯಿತು. ಮೂರನೇ ನರಸಿಂಹನಿಗೆ ಇಲ್ಲಿಯದು, ರಾಮನಾಥನಿಗೆ ತಮಿಳು ಸೀಮೆಯದು. ಅಣ್ಣತಮ್ಮಂದಿರು ಕಾದಾಡಿದರು. ಇದನ್ನು ನೋಡಿಯೇ 1276ರಲ್ಲಿ ಸೇವುಣರ ಸೈನ್ಯ ಬೆಳವಾಡಿಯವರೆಗೆ ಬಂತು. ಹೊಡೆದೋಡಿಸಿದರು, ನಿಜ. ಆದರೆ ಬೆಳವಾಡಿಯಿಂದ ಹಳೇಬೀಡಿಗೆ ಎಷ್ಟು ದೂರ ಎಂದು ನಮ್ಮ ಕಡೆಯವರಿಗೆ ಹೇಳಬೇಕೆ? ಶತ್ರು ಅಷ್ಟು ಹತ್ತಿರ ಬಂದನೆಂದರೆ ಶಕ್ತಿ ಅರ್ಧಕ್ಕಿಳಿದಿತ್ತು ಎಂದೇ ಅರ್ಥ.

ಮೂಡಿಗೆರೆ ತೋಟದವ:
ಮೇಷ್ಟ್ರೇ, ನಿಮ್ಮ ಮಾತಿಗೆ ನನ್ನದೊಂದು ತಕರಾರಿದೆ. ಪಾಲಾದದ್ದನ್ನು ಮೂರನೇ ಬಲ್ಲಾಳ ಮತ್ತೆ ಒಂದು ಮಾಡಿದನಲ್ಲ? ಕಾಕತೀಯರಲ್ಲಿ ಇಂಥ ಪಾಲು ಆಗಿರಲಿಲ್ಲ, ಆದರೂ ಅವರ ರಾಜಧಾನಿ ವಾರಂಗಲ್ಲು 1323ರಲ್ಲಿ ದಿಲ್ಲಿಯವರ ಕೈಗೆ ಬಿತ್ತು. ದೇವಗಿರಿ ಅದಕ್ಕೂ ಮೊದಲೇ ಹೋಗಿತ್ತು. ಹತ್ತಿಪ್ಪತ್ತು ವರ್ಷಗಳೊಳಗೆ ದಕ್ಷಿಣದ ದೊಡ್ಡ ಮನೆತನಗಳೆಲ್ಲ ಅಲ್ಲಾಡಿದವು. ದಿಲ್ಲಿಯ ಕುದುರೆ ಸೈನ್ಯದ ವೇಗಕ್ಕೆ ಇಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ತಪ್ಪನ್ನೆಲ್ಲ ಸೋಮೇಶ್ವರನ ತಲೆಗೆ ಕಟ್ಟುವುದು ಸರಿಯಲ್ಲ ಅನ್ನಿಸುತ್ತದೆ.

ಜಾವಗಲ್ ಮೇಷ್ಟ್ರು:
ದಿಲ್ಲಿಯ ಬಲ ನಾನೂ ಒಪ್ಪುತ್ತೇನೆ. ಆದರೆ 1311ರಲ್ಲಿ ಕಾಫರ್ ಬಂದಾಗ ಬಲ್ಲಾಳ ಎಲ್ಲಿದ್ದ? ಮದುರೆಯ ಪಾಂಡ್ಯ ಸೋದರರು ಪಟ್ಟಕ್ಕೆ ಕಚ್ಚಾಡುತ್ತಿದ್ದರು, ಅಲ್ಲಿ ಕೈಹಾಕಲು ದಕ್ಷಿಣಕ್ಕೆ ಹೋಗಿದ್ದ. ಅಜ್ಜ ಸೋಮೇಶ್ವರ ಹಿಡಿದ ದಾರಿಯೇ ಅದು. ಓಡೋಡಿ ವಾಪಸ್ಸು ಬಂದು, ಶರಣಾಗಿ, ಸಂಪತ್ತು ಕೊಟ್ಟು ಊರು ಉಳಿಸಿಕೊಂಡ. ಮಗನನ್ನು ದಿಲ್ಲಿಗೆ ಕಳಿಸಬೇಕಾಯಿತು.

ಈಗ ಹುಡುಗಿ ಕೇಳಿದ ಮೂವತ್ತು ವರ್ಷಕ್ಕೆ ಬರುತ್ತೇನೆ. ಆ ಕಾಲದ ಬಲ್ಲಾಳನ ಮೇಲೆ ನನಗೆ ಅಪಾರ ಗೌರವ. 1327ರ ಹೊತ್ತಿಗೆ ದಿಲ್ಲಿಯ ತುಘಲಕ್ ಸುಲ್ತಾನನ ಸೈನ್ಯ ಮತ್ತೆ ಬಂದು ದೋರಸಮುದ್ರವನ್ನು ಹಾಳುಮಾಡಿತು. ಸೇವುಣರಿಲ್ಲ, ಕಾಕತೀಯರಿಲ್ಲ, ಕಂಪಿಲಿಯ ರಾಜ್ಯವೂ ಬಿತ್ತು. ಈತ ಮಾತ್ರ ತಿರುವಣ್ಣಾಮಲೆಯನ್ನು ನೆಲೆ ಮಾಡಿಕೊಂಡು ನಿಂತ, ಹೊಸದಾಗಿ ಎದ್ದ ಮದುರೆಯ ಸುಲ್ತಾನರ ಮೇಲೆ ಹೋರಾಡಿದ. ಕಣ್ಣಾನೂರಿನ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆಲುವು ಕೈಗೆಟುಕುವಷ್ಟರಲ್ಲಿ, ಒಳಗಿದ್ದವರು ಮದುರೆಯನ್ನು ಕೇಳಿ ಬರಲು ಗಡುವು ಬೇಡಿದರು. ಈತ ಕೊಟ್ಟ. ಆ ಗಡುವಿನಲ್ಲೇ ಸುಲ್ತಾನ ಸೈನ್ಯ ತಂದು, ಮೈಮರೆತಿದ್ದ ಪಾಳೆಯದ ಮೇಲೆ ಬಿದ್ದ. ಸೆರೆಸಿಕ್ಕ ರಾಜನಿಗೆ ಎಂಬತ್ತು ವರ್ಷ ಎಂದು ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಆನೆ, ಕುದುರೆ, ಹಣ ಎಲ್ಲ ಕಿತ್ತುಕೊಂಡ ಮೇಲೆ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮದುರೆಯ ಗೋಡೆಗೆ ತೂಗುಹಾಕಿದರು. ಅದನ್ನು ತಾನೇ ನೋಡಿದೆ ಎನ್ನುತ್ತಾನೆ ಬತೂತ.

ಸೋಮೇಶ್ವರ ಹೋಗಿ ಕೂತ ಅದೇ ಕಣ್ಣಾನೂರು. ನಮ್ಮೂರ ಮಕ್ಕಳಿಗೆ ವಿಷ್ಣುವರ್ಧನ ಗೊತ್ತು, ಶಾಂತಲೆ ಗೊತ್ತು, ಈ ಮುದುಕನ ಹೆಸರು ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಹಾಸನದ ಹುಡುಗಿ:
ಓದಿ ಮೈ ಜುಮ್ಮೆಂದಿತು ಸಾರ್. ಇಷ್ಟು ವರ್ಷ ಯಾರೂ ಇದನ್ನು ಹೇಳಲೇ ಇಲ್ಲ. ಆಮೇಲೆ ಮನೆತನಕ್ಕೆ ಏನಾಯಿತು?

ಮೂಡಿಗೆರೆ ತೋಟದವ:
ಅದನ್ನು ನಾನು ಹೇಳುತ್ತೇನೆ. 1343ರಲ್ಲಿ ಮಗನಿಗೆ ಪಟ್ಟವಾಯಿತು, ಬಲುಬೇಗ ಅವನ ಸುದ್ದಿಯೂ ನಿಂತಿತು. 1346ಕ್ಕೆ ವಿಜಯನಗರದ ಮೊದಲ ದೊರೆ ಹರಿಹರ ತಮ್ಮಂದಿರ ಜೊತೆ ನಮ್ಮ ಶೃಂಗೇರಿಗೆ ಬಂದು ಮಠಕ್ಕೆ ದತ್ತಿ ಬಿಟ್ಟ. ಹೊಯ್ಸಳರ ನಾಡೆಲ್ಲ ವಿಜಯನಗರದ್ದಾಯಿತು. ಬೇಲೂರಿನಲ್ಲಿ ಈಗ ನೀವು ಒಳಗೆ ಹೋಗುವ ರಾಜಗೋಪುರವೂ ಹೊಯ್ಸಳರದ್ದಲ್ಲ. ಹಿಂದಿನದು ಸುಟ್ಟುಹೋದ ಮೇಲೆ 1397ರಲ್ಲಿ ಎರಡನೇ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು. ಮೇಷ್ಟ್ರು ಕಣ್ಣಾನೂರಿನ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರು ಅರ್ಧ ವಾಪಸ್ಸು. ಕುದುರೆ ಸೈನ್ಯದ ಮಾತು ಮಾತ್ರ ಬಿಡುವುದಿಲ್ಲ.