ಗಿನಿಪಿಗ್‌ಗೆ ಕುಡಿಯುವ ನೀರಲ್ಲೇ ವಿಟಮಿನ್ ಸಿ ಹಾಕಿದರೆ ಸಾಕಾ?

ಪ್ರಶ್ನೆ
2 ವರ್ಷದ ಗಂಡು, ತೂಕ 950 ಗ್ರಾಂ. ಹಿಂಗಾಲು ಬಿಗಿಹಿಡಿದಂತೆ ನಡೆಯುತ್ತಿದೆ, ಕೂದಲು ಒರಟಾಗಿದೆ, ಎತ್ತಿಕೊಂಡರೆ ಕಿರುಚುತ್ತದೆ. ತಿನ್ನುವುದು ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ), ಸೌತೆಕಾಯಿ, ಒಂದಿಷ್ಟು ಒಣಹುಲ್ಲು. ಬಾಟಲಿ ನೀರಿಗೆ ದಿನಾ ಮಲ್ಟಿವಿಟಮಿನ್ ಡ್ರಾಪ್ಸ್ ಹಾಕುತ್ತಿದ್ದೇನೆ. ಆದರೂ ಸಿ ಕೊರತೆ ಆಗಬಹುದಾ?

ಉತ್ತರ 1
ಖಂಡಿತ ಆಗಬಹುದು. ನೀವು ಹೇಳಿದ ಲಕ್ಷಣಗಳೆಲ್ಲ ಸ್ಕರ್ವಿಯವೇ, ಅಂದರೆ ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆಯವು. ಮನುಷ್ಯರ ಹಾಗೆ ಗಿನಿಪಿಗ್ ದೇಹಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ, ಪ್ರತಿದಿನ ತಿಂದೇ ಪಡೆಯಬೇಕು. ನೀರಿಗೆ ಹಾಕಿದ್ದು ಬೆಳಕು ತಾಗಿ ಕೆಲವೇ ಗಂಟೆಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ರುಚಿ ಬದಲಾದರೆ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ಅದು ಇನ್ನೊಂದು ತೊಂದರೆ. ಮಲ್ಟಿವಿಟಮಿನ್ ನಿಲ್ಲಿಸಿ, ಎ ಮತ್ತು ಡಿ ಅತಿಯಾದರೆ ಅದೂ ಅಪಾಯ.

ಆರೋಗ್ಯವಾಗಿದ್ದಾಗ ಕೆಜಿ ತೂಕಕ್ಕೆ ದಿನಕ್ಕೆ 10 ಮಿಗ್ರಾಂ, ಕಾಯಿಲೆ ಅಥವಾ ಗರ್ಭವಿದ್ದರೆ 30 ಮಿಗ್ರಾಂವರೆಗೆ ಬೇಕು. 20 ಗ್ರಾಂ ಕೆಂಪು ಕ್ಯಾಪ್ಸಿಕಂನಲ್ಲಿ ಸುಮಾರು 25 ಮಿಗ್ರಾಂ ಇರುತ್ತದೆ. ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ. ಆದರೆ ಕಾಲು ಬಿಗಿದ ಮೇಲೆ ತರಕಾರಿಯನ್ನೇ ನಂಬಿ ಕೂರಬೇಡಿ. ಬರೀ ವಿಟಮಿನ್ ಸಿ ಇರುವ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಸೂಜಿಯಿಲ್ಲದ ಸಿರಿಂಜ್‌ನಿಂದ ಬಾಯಿಯ ಪಕ್ಕಕ್ಕೆ ಹಾಕಿ.

ಉತ್ತರ 2
ಮೇಲಿನದು ಸರಿ, ಆದರೆ ನನಗೆ ಕಣ್ಣಿಗೆ ಬಿದ್ದದ್ದು ಆ "ಒಂದಿಷ್ಟು ಒಣಹುಲ್ಲು". ಗಿನಿಪಿಗ್‌ನ ಪೂರ್ವಜರು ಹುಲ್ಲು ಮೇಯುವವು. ಇರುವ 20 ಹಲ್ಲೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅರೆದರೆ ಮಾತ್ರ ಸವೆಯುತ್ತವೆ. ಪೆಲೆಟ್ ಬೇಗ ಪುಡಿಯಾಗಿಬಿಡುತ್ತದೆ. ಆಗ ದವಡೆ ಹಲ್ಲು ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟುತ್ತದೆ. ಮುಂದಿನ ಹಲ್ಲು ನೋಡಿ "ಸರಿ ಇದೆ" ಅಂದುಕೊಂಡು ಮೋಸಹೋಗುವವರೇ ಹೆಚ್ಚು. ಗಲ್ಲ ಒದ್ದೆಯಾಗಿದೆಯಾ, ಬಾಯಿಂದ ತುತ್ತು ಜಾರುತ್ತಾ ಗಮನಿಸಿ. ಹುಲ್ಲು ಯಾವ ಹೊತ್ತಿನಲ್ಲೂ ಖಾಲಿಯಾಗಬಾರದು, ಪೆಲೆಟ್ ದಿನಕ್ಕೆ ಎರಡು ಚಮಚ ಸಾಕು. ಬೆಳೆದ ಪ್ರಾಣಿಗೆ ಆಲ್ಫಾಲ್ಫಾ (ಕುದುರೆಮಸಾಲೆ) ಹುಲ್ಲು ಬೇಡ, ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರಕೋಶದಲ್ಲಿ ಕಲ್ಲಾಗಬಹುದು.

ಪ್ರಶ್ನೆ ಕೇಳಿದವರು
ಪೆಲೆಟ್ ಚೀಲದ ಮೇಲೆ "ವಿಟಮಿನ್ ಸಿ ಸೇರಿಸಿದೆ" ಎಂದಿದೆ. ಮನೆಯಲ್ಲಿ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಅದನ್ನೂ ಒಂದೆರಡು ಹನಿ ಹಾಕಲೇ?

ಉತ್ತರ 3
ಬೇಡವೇ ಬೇಡ! ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದು. ಆ ಗುಂಪಿನ ಔಷಧ ಗಿನಿಪಿಗ್ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ವಿಷ ಬಿಡುತ್ತದೆ. ಕೆಲವೇ ದಿನದಲ್ಲಿ ಪ್ರಾಣ ಹೋಗಬಹುದು. ಚೀಲದ ಮೇಲೆ ತಯಾರಿಕೆಯ ದಿನಾಂಕ ನೋಡಿ, 3 ತಿಂಗಳು ದಾಟಿದ್ದರೆ ಅದರಲ್ಲಿರುವ ಸಿ ಲೆಕ್ಕಕ್ಕಿಲ್ಲ. ಇವು ನೋವನ್ನು ಬಚ್ಚಿಡುವ ಪ್ರಾಣಿಗಳು, ಆದ್ದರಿಂದ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. 50 ಗ್ರಾಂ ಇಳಿದರೆ ಎಚ್ಚರ. 12 ಗಂಟೆ ಏನೂ ತಿನ್ನದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಕರುಳಿನ ಚಲನೆಯೇ ನಿಂತುಬಿಡುತ್ತದೆ.