ಇಂಗ್ಲಿಷ್ ಗುಣವಾಚಕಗಳ ಮೂಲ ಕಲಿಸಿದವರು ಅನುಭವ ಹೇಳಿ

ಪಿಯು ಲೆಕ್ಚರರ್: ದಿನಬಳಕೆಯ 30 ಇಂಗ್ಲಿಷ್ ಗುಣವಾಚಕಗಳಿಗೆ ಅರ್ಥದ ಜೊತೆ ಮೂಲವನ್ನೂ ಹೇಳಿಕೊಡಬೇಕು ಅಂತಿದ್ದೇನೆ. 45 ನಿಮಿಷದ ನಾಲ್ಕು ಪೀರಿಯಡ್ ಸಿಗುತ್ತೆ. ಎಲ್ಲಿಂದ ಶುರು ಮಾಡಲಿ? ಯಾವ ನಿಘಂಟು ನಂಬಲಿ?

ಹಳೇಮೇಷ್ಟ್ರು: 30 ಬಿಡಿ, ಎಂಟು ಸಾಕು. ಬೋರ್ಡಿನ ಮೇಲೆ ಮೂರು ಕಾಲಂ ಹಾಕಿ: ಮೊದಲ ಅರ್ಥ, ನಡುವಿನ ಅರ್ಥ, ಇವತ್ತಿನ ಅರ್ಥ. ಕೆಡೋದೆಲ್ಲ ನಡುವಿನ ಕಾಲಂ ಬಿಟ್ಟಾಗಲೇ. ‘ನೈಸ್’ ತಗೊಳ್ಳಿ. ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವ. ‘ಸೈನ್ಸ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಹಳೆ ಫ್ರೆಂಚ್ ದಾಟಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ‘ದಡ್ಡ’. ಆಮೇಲೆ ಅತಿ ಮಡಿವಂತ, ಆಮೇಲೆ ನಾಜೂಕು, ಸೂಕ್ಷ್ಮ. ‘ನೈಸ್ ಡಿಸ್ಟಿಂಕ್ಷನ್’ ಅನ್ನೋದರಲ್ಲಿ ಆ ಸೂಕ್ಷ್ಮ ಇನ್ನೂ ಉಳಿದಿದೆ. ‘ಹಿತವಾದ’ ಅನ್ನೋದು 18ನೇ ಶತಮಾನದ್ದು. ಇಷ್ಟನ್ನೂ ಹಾರಿಸಿ ‘ನೈಸ್ ಅಂದರೆ ದಡ್ಡ’ ಅಂದಿರೋ, ಹುಡುಗರು ಪರೀಕ್ಷೆಯಲ್ಲಿ ಅದನ್ನೇ ಬರೆದು ಬರ್ತಾರೆ.

‘ಸಿಲ್ಲಿ’ಯದು ಇಳಿಜಾರು. ಹಳೆ ಇಂಗ್ಲಿಷಿನಲ್ಲಿ ಧನ್ಯ, ನಂತರ ಮುಗ್ಧ, ನಂತರ ಅಯ್ಯೋ ಪಾಪ ಅನ್ನಿಸೋನು, ಕೊನೆಗೆ ಪೆದ್ದ. ನಮ್ಮ ‘ಮುಗ್ಧ’, ‘ಮೂಢ’ ಎರಡೂ ‘ಮುಹ್’ ಅನ್ನೋ ಒಂದೇ ಧಾತುವಿನವು ಅಂತ ಇದರ ಜೊತೆಗೇ ಹೇಳಿ, ಮರೆಯೋದೇ ಇಲ್ಲ.

ಧಾರವಾಡ ಫೇಡಾ: ಮೂರು ಕಾಲಂ ಅಂತ ಹುಡುಗರ ತಲಿ ತಿನಬ್ಯಾಡ್ರಿ. ಗೊತ್ತಿದ್ದದ್ದರಿಂದ ಶುರು ಮಾಡ್ರಿ. ‘ನ್ಯೂ’ ನವ, ‘ನೇಕೆಡ್’ ನಗ್ನ, ‘ಸ್ವೀಟ್’ ಸ್ವಾದು, ‘ಥಿನ್’ ತನು, ‘ಫುಲ್’ ಪೂರ್ಣ, ‘ಕ್ವಿಕ್’ ಜೀವ. ಕ್ವಿಕ್ ಅಂದ್ರ ಮೊದಲಿಗೆ ‘ಜೀವಂತ’ ಅಂತನ ಇತ್ತು, ‘ಲಗೂ’ ಅನ್ನೋದು ಆಮ್ಯಾಲೆ ಬಂತು. ಆರು ಜೋಡಿ, ಒಂದು ಪೀರಿಯಡ್, ಅರ್ಧ ತುಂಡು ಖಡು. ಎಲ್ಲಾ ಸಂಸ್ಕೃತದಿಂದನ ಹೋದಾವು.

ಪದಜೇನು: ಜೋಡಿಗಳು ಸರಿ, ಕೊನೇ ಸಾಲು ತಪ್ಪು. ಒಂದರಿಂದ ಇನ್ನೊಂದು ಹುಟ್ಟಿಲ್ಲ, ಎರಡೂ ಒಂದೇ ಹಳೇ ಬುಡದ, ಅಂದರೆ ಪ್ರೋಟೊ-ಇಂಡೋ-ಯುರೋಪಿಯನ್ ಅನ್ನೋ ಮೂಲ ಭಾಷೆಯ ಕವಲು. ಸಂಸ್ಕೃತದಲ್ಲಿ ‘ಪ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಫ’, ‘ತ’ ಇದ್ದ ಕಡೆ ‘ಥ’: ಪೂರ್ಣ–ಫುಲ್, ತನು–ಥಿನ್, ಪಿತೃ–ಫಾದರ್. ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ಕೊಟ್ಟ ನಿಯಮ ಇದು. ಎರವಲಾಗಿದ್ದರೆ ‘ಪ’ ಹಾಗೇ ಉಳಿಯುತ್ತಿತ್ತು. ‘ಪಕ್ವ’ದಿಂದ ಬಂದ ‘ಪಕ್ಕಾ’ವನ್ನು ಬ್ರಿಟಿಷರು ಹಿಂದಿಯಿಂದ ಎತ್ತಿಕೊಂಡರು, ಅವರ ಬಾಯಲ್ಲೂ ಅದು ಪಕ್ಕಾನೇ, ಫಕ್ಕಾ ಆಗಿಲ್ಲ.

ಇನ್ನೊಂದು ಗುಂಡಿ: ‘ಬದ್ಮಾಶ್’ನ ‘ಬದ್’ ಪರ್ಷಿಯನ್, ಅರ್ಥ ಕೆಟ್ಟ. ಇಂಗ್ಲಿಷಿನ ‘ಬ್ಯಾಡ್’ಗೂ ಅದಕ್ಕೂ ನೆಂಟಸ್ತನ ಇಲ್ಲ, ಬರೀ ಕಾಕತಾಳೀಯ. ದನಿ ಕೂಡಿತು ಅಂತ ಜೋಡಿ ಕಟ್ಟಬೇಡಿ.

ಧಾರವಾಡ ಫೇಡಾ: ಆ ಬುಡದ ಭಾಷಾದಾಗ ಒಂದರೆ ಶಾಸನ ಐತೇನ್ರಿ? ಇದ್ದರ ತೋರಸ್ರಿ.

ಪದಜೇನು: ಇಲ್ಲ. ಅದಕ್ಕೇ ಅಂಥ ರೂಪಗಳ ಮುಂದೆ ನಕ್ಷತ್ರ ಚಿಹ್ನೆ ಹಾಕೋದು: ಬರಹದಲ್ಲಿ ಸಿಕ್ಕಿಲ್ಲ, ಹೋಲಿಸಿ ಕಟ್ಟಿದ್ದು ಅಂತ. ನಿಘಂಟು ತೆರೆಯೋ ಮೊದಲು ಈ ಗುರುತು ಓದೋಕೆ ಕಲೀಬೇಕು.

ಕಡಲತಡಿ: ಜಗಳ ಸಾಕು ಮಾರಾಯ್ರೇ. ಪೀರಿಯಡ್ ಹಾಳು ಮಾಡುವುದು ಕಟ್ಟುಕತೆ. ‘ಪಾಶ್’ ಅಂದ ಕೂಡಲೇ ಯಾರಾದರೂ ಶುರು ಮಾಡ್ತಾರೆ: ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಹಡಗಿನ ಎಡಬದಿ, ವಾಪಸು ಹೋಗುವಾಗ ಬಲಬದಿ, ಬಿಸಿಲು ತಾಗದ ಕ್ಯಾಬಿನ್, ಟಿಕೆಟಿನ ಮೇಲೆ P.O.S.H. (‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’) ಅಂತ ನಾಲ್ಕು ಅಕ್ಷರ. ಅಂಥ ಒಂದು ಟಿಕೆಟೂ ಈವರೆಗೆ ಸಿಕ್ಕಿಲ್ಲ. ಷೋಕಿಲಾಲ ಅನ್ನುವ ಅರ್ಥದ ‘ಪಾಶ್’ 19ನೇ ಶತಮಾನದ ಕೊನೆಯ ಬೀದಿಮಾತಲ್ಲೇ ಉಂಟು. ‘ಸಿನ್ಸಿಯರ್’ ಅಂದರೆ ‘ಮೇಣ ಇಲ್ಲದ್ದು’, ಬಿರುಕಿಗೆ ಮೇಣ ಮೆತ್ತದ ಶಿಲ್ಪ ಅನ್ನುವುದೂ ಬುರುಡೆ. ಲ್ಯಾಟಿನ್ನಿನಲ್ಲೇ ಅದಕ್ಕೆ ‘ಅಪ್ಪಟ’ ಅಂತ ಅರ್ಥ. ಎರಡು ನೋಡಿ: ಪದ ಮೊದಲು ಸಿಕ್ಕ ವರ್ಷ ಯಾವುದು, ಕತೆ ಮೊದಲು ಸಿಕ್ಕಿದ್ದು ಯಾವಾಗ. ಕತೆ ತೀರಾ ಈಚಿನದಾದರೆ ಬಿಟ್ಟುಬಿಡಿ. ಮೊದಲಕ್ಷರ ಜೋಡಿಸಿದ ಪದ, ಅದೂ 20ನೇ ಶತಮಾನಕ್ಕಿಂತ ಹಳೆಯದು ಅಂದರೆ ನೂರಕ್ಕೆ ತೊಂಬತ್ತೊಂಬತ್ತು ಬೊಗಳೆ.

ಹಳೇಮೇಷ್ಟ್ರು: ವರ್ಷ ಬೇಕಾದರೆ ದೊಡ್ಡ ಆಕ್ಸ್‌ಫರ್ಡ್ ನಿಘಂಟೇ ಗತಿ. 1989ರ ಎರಡನೇ ಆವೃತ್ತಿ, 20 ಸಂಪುಟ. ಪ್ರತಿ ಅರ್ಥಕ್ಕೂ ಇಸವಿ ಸಮೇತ ಉದಾಹರಣೆ ಇರುತ್ತೆ.

ಪದಜೇನು: ಕಪಾಟು ಯಾರು ಕೊಡಿಸ್ತಾರೆ ಸಾರ್? ಪದಗಳ ಮೂಲ ಹೇಳೋ ವೆಬ್‌ಸೈಟ್ ಎಟಿಮ್‌ಆನ್‌ಲೈನ್ ಪುಕ್ಕಟೆ, ಮೊಬೈಲಲ್ಲೇ ಇದೆ.

ಹಳೇಮೇಷ್ಟ್ರು: ಅದರಲ್ಲಿ ಉದಾಹರಣೆ ವಾಕ್ಯ ಎಲ್ಲಿ? ಇಸವಿ ಒಂದನ್ನೇ ಇಟ್ಟುಕೊಂಡು ಅರ್ಥ ಹೇಗೆ ಜಾರಿತು ಅಂತ ಏನು ತೋರಿಸ್ತೀರಿ, ತಲೆ?

ಹೊಸಬ: ಕೇಡಿನ ಸೂಚನೆಯ ‘ಸಿನಿಸ್ಟರ್’ ಲ್ಯಾಟಿನ್ನಿನಲ್ಲಿ ‘ಎಡ’ ಅಂತೆ. ನಮ್ಮ ‘ಎಡವಟ್ಟು’ ಕೂಡ ಹಾಗೇ ಅಲ್ವಾ?

ಪದಜೇನು: ‘ಎಡ’ದಿಂದಲೋ ‘ಎಡವು’ದಿಂದಲೋ? ಮೊದಲು ಹಳೇ ಪ್ರಯೋಗ ಹುಡುಕಿ ತನ್ನಿ, ಆಮೇಲೆ ಮಾತು.

ಹಳೇಮೇಷ್ಟ್ರು: ಎಡವಟ್ಟಿನ ವಿಚಾರಕ್ಕೆ ಬೇರೆ ಚರ್ಚೆ ತೆಗೀರಿ. ಇಲ್ಲಿ ‘ಆಫುಲ್’, ‘ಟೆರಿಫಿಕ್’ ಇನ್ನೂ ಬಾಕಿ. ಎರಡರ ಹೊಟ್ಟೆಯಲ್ಲೂ ಹೆದರಿಕೆಯೇ. ಮೊದಲನೆಯದು ‘ಅಸಹ್ಯ’ದ ಕಡೆ ಹೋಯಿತು, ಎರಡನೆಯದು ‘ಅದ್ಭುತ’ದ ಕಡೆ. ‘ಭಯಂಕರ ಚೆನ್ನಾಗಿದೆ’ ಅನ್ನಲ್ವಾ ನಾವು, ಅದೇ ದಾರಿ.

ಧಾರವಾಡ ಫೇಡಾ: ಭಯಂಕರ ನಿಮ್ಮ ಕಡೆ. ನಾವು ‘ಭಾರೀ ಛಲೋ ಐತಿ’ ಅಂತೀವ್ರಿ.